ಕ್ಯಾಮೆರಾ ಎಲ್ಲಿತ್ತು, ಎತ್ತ ನೋಡುತ್ತಿತ್ತು? ವೈಮಾನಿಕ ನಕ್ಷೆಯಲ್ಲಿ ಸೆನ್ಸರ್ ಓರಿಯಂಟೇಶನ್ ನಿಖರಗೊಳಿಸುವ ಸಮಗ್ರ ಮಾರ್ಗದರ್ಶಿ

ನೆಲದ ಮೇಲಿನ ಒಂದು ಬಿಂದು, ಲೆನ್ಸಿನ ಕೇಂದ್ರ, ಚಿತ್ರದಲ್ಲಿ ಆ ಬಿಂದು ಮೂಡಿದ ಜಾಗ, ಈ ಮೂರೂ ಒಂದೇ ಗೆರೆಯ ಮೇಲಿರುತ್ತವೆ. ಫೋಟೊಗ್ರಾಮೆಟ್ರಿ (ಚಿತ್ರಗಳಿಂದ ಅಳತೆ ತೆಗೆಯುವ ವಿದ್ಯೆ) ನಿಂತಿರುವುದೇ ಈ ಮಾತಿನ ಮೇಲೆ. ಆ ಗೆರೆಯನ್ನು ಚಿತ್ರದಿಂದ ನೆಲದವರೆಗೆ ಎಳೆಯಬೇಕಾದರೆ ಶಟರ್ ತೆರೆದ ಕ್ಷಣದಲ್ಲಿ ಕ್ಯಾಮೆರಾ ಎಲ್ಲಿತ್ತು ಎಂಬ ಮೂರು ಸಂಖ್ಯೆಗಳು, ಎತ್ತ ತಿರುಗಿತ್ತು ಎಂಬ ಮೂರು ಕೋನಗಳು (ಪಕ್ಕಕ್ಕೆ ವಾಲಿದ್ದು ರೋಲ್, ಮುಂದಕ್ಕೋ ಹಿಂದಕ್ಕೋ ವಾಲಿದ್ದು ಪಿಚ್, ಮುಖ ಮಾಡಿದ ದಿಕ್ಕು ಹೆಡಿಂಗ್) ಬೇಕು. ಇವು ಬಾಹ್ಯ ಓರಿಯಂಟೇಶನ್. ಫೋಕಲ್ ಲೆಂತ್, ಪ್ರಿನ್ಸಿಪಲ್ ಪಾಯಿಂಟ್ (ಲೆನ್ಸಿನ ನೇರ ನೋಟ ಚಿತ್ರವನ್ನು ಮುಟ್ಟುವ ಬಿಂದು), ಲೆನ್ಸಿನ ವಕ್ರತೆ (ಲೆನ್ಸ್ ಚಿತ್ರದಲ್ಲಿ ತರುವ ಬಾಗು) ಸೇರಿದರೆ ಒಳ ಓರಿಯಂಟೇಶನ್.

ಬಾಹ್ಯ ಓರಿಯಂಟೇಶನ್ ಪಡೆಯಲು ಮೂರು ದಾರಿಗಳಿವೆ. ಸ್ಥಾನ ಅಳೆದಿಟ್ಟ ನೆಲದ ಕಂಟ್ರೋಲ್ ಪಾಯಿಂಟ್‌ಗಳನ್ನೂ ಚಿತ್ರಗಳನ್ನು ಬೆಸೆಯುವ ಟೈ ಪಾಯಿಂಟ್‌ಗಳನ್ನೂ ಹಿಡಿದು ಹಿಂದಕ್ಕೆ ಲೆಕ್ಕ ಹಾಕುವುದು ಪರೋಕ್ಷ ದಾರಿ. ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ಸ್ಥಾನವ್ಯವಸ್ಥೆ) ರಿಸೀವರ್ ಮತ್ತು ಐಎಂಯು (ಚಲನೆ, ತಿರುಗುವಿಕೆ ಅಳೆಯುವ ಉಪಕರಣ) ಕೊಟ್ಟ ಸ್ಥಾನ, ಕೋನಗಳನ್ನು ಹಾಗೆಯೇ ಬಳಸುವುದು ನೇರ ದಾರಿ. ಎರಡನ್ನೂ ಒಂದೇ ಬಂಡಲ್ ಅಡ್ಜಸ್ಟ್‌ಮೆಂಟ್‌ನಲ್ಲಿ (ಎಲ್ಲ ಚಿತ್ರಗಳ ಎಲ್ಲ ಗೆರೆಗಳನ್ನೂ ಒಟ್ಟಿಗೆ ಹೊಂದಿಸುವ ಲೆಕ್ಕ) ಕೂಡಿಸುವುದು ಸಂಯುಕ್ತ ದಾರಿ. 1999ರ ಸುಮಾರಿಗೆ ಯುರೋಪಿನ ಫೋಟೊಗ್ರಾಮೆಟ್ರಿ ಸಂಶೋಧನಾ ಸಂಸ್ಥೆ ಒಇಇಪಿಇ ನಡೆಸಿದ ಪರೀಕ್ಷೆಯಲ್ಲೇ ಒಂದು ವಿಷಯ ಸ್ಪಷ್ಟವಾಗಿತ್ತು. ನೇರ ದಾರಿಯಿಂದ ಒಂದೊಂದು ಬಿಂದುವಿನ ಸ್ಥಾನ ಚೆನ್ನಾಗಿಯೇ ಸಿಗುತ್ತದೆ, ಆದರೆ ಜೋಡಿ ಚಿತ್ರಗಳ ನಡುವೆ ಅಡ್ಡ ಪ್ಯಾರಲಾಕ್ಸ್ (ಒಂದೇ ಬಿಂದುವಿನ ಎರಡು ಗೆರೆಗಳು ಕೂಡದೆ ಬಿಡುವ ಅಂತರ) ಉಳಿದು ಸ್ಟೀರಿಯೊ (ಜೋಡಿ ಚಿತ್ರಗಳಿಂದ ಆಳ ನೋಡುವ) ಕೆಲಸಕ್ಕೆ ತೊಡಕಾಗುತ್ತದೆ. ಟೈ ಪಾಯಿಂಟ್ ಸೇರಿಸಿದರೆ ಆ ತೊಡಕು ಹೋಗುತ್ತದೆ. ಹಾಗಾಗಿ ಕೆಳಗೆ ಬರೆದಿರುವುದೆಲ್ಲ ಸಂಯುಕ್ತ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಹಂತಗಳಿಗೆ ಹೋಗುವ ಮುನ್ನ ಒಂದು ಎಚ್ಚರಿಕೆ. ಬಂಡಲ್ ಅಡ್ಜಸ್ಟ್‌ಮೆಂಟ್ ಬಹಳ ಉದಾರಿ. ಯಾವ ತಪ್ಪನ್ನು ಕೊಟ್ಟರೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಆಂಟೆನಾ ಎತ್ತರ ತಪ್ಪಿದ್ದರೆ ಫೋಕಲ್ ಲೆಂತ್ ಬದಲಿಸಿ ಸರಿದೂಗಿಸುತ್ತದೆ, ಸಮಯ ತಪ್ಪಿದ್ದರೆ ಪಿಚ್ ಕೋನವನ್ನು ತಿರುಗಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಕೊನೆಗೆ ವರದಿಯಲ್ಲಿ ಶೇಷಗಳು (ಹೊಂದದೆ ಉಳಿದ ವ್ಯತ್ಯಾಸಗಳು) ಪುಟ್ಟದಾಗಿ ಕಾಣುತ್ತವೆ, ನಕ್ಷೆ ಮಾತ್ರ ತಪ್ಪಿರುತ್ತದೆ. ನಿಖರತೆ ಹೆಚ್ಚಿಸುವುದೆಂದರೆ ನನ್ನ ಮಟ್ಟಿಗೆ ಇಷ್ಟೇ: ಪ್ರತಿ ತಪ್ಪನ್ನೂ ಅದು ಹುಟ್ಟಿದ ಜಾಗದಲ್ಲೇ ಹಿಡಿಯುವುದು, ಇನ್ನೊಂದು ಸಂಖ್ಯೆಯ ಮರೆಯಲ್ಲಿ ಅಡಗಲು ಬಿಡದಿರುವುದು.

ಹಂತ 1: ಹಾರುವ ಮುನ್ನ ದೋಷದ ಲೆಕ್ಕ ಬರೆಯಿರಿ

ಒಂದು ಉದಾಹರಣೆ ಹಿಡಿಯೋಣ. ನೆಲದಿಂದ 1000 ಮೀಟರ್ ಎತ್ತರ, ಸೆಕೆಂಡಿಗೆ 60 ಮೀಟರ್ ವೇಗ, ನೆಲದ ಮೇಲೆ ಪಿಕ್ಸೆಲ್ ಗಾತ್ರ 10 ಸೆಂ.ಮೀ.

ರೋಲ್ ಅಥವಾ ಪಿಚ್ 0.005 ಡಿಗ್ರಿ ತಪ್ಪಿದರೆ ನೆಲದಲ್ಲಿ 8.7 ಸೆಂ.ಮೀ. ಸರಿಯುತ್ತದೆ. ಹೆಡಿಂಗ್ 0.01 ಡಿಗ್ರಿ ತಪ್ಪಿದರೆ ಚಿತ್ರದ ನಡುವೆ ಏನೂ ಆಗುವುದಿಲ್ಲ, ನಡುವಿನಿಂದ 500 ಮೀಟರ್ ದೂರದ ಅಂಚಿನಲ್ಲಿ ಅಷ್ಟೇ 8.7 ಸೆಂ.ಮೀ. ತಪ್ಪುತ್ತದೆ. ಶಟರಿನ ಸಮಯ 1 ಮಿಲಿಸೆಕೆಂಡ್ ತಪ್ಪಿದರೆ ಹಾರಾಟದ ದಿಕ್ಕಿನಲ್ಲಿ 6 ಸೆಂ.ಮೀ. ಜಿಎನ್‌ಎಸ್‌ಎಸ್ ಸ್ಥಾನಕ್ಕೆ 5 ಸೆಂ.ಮೀ., ಆಂಟೆನಾ–ಕ್ಯಾಮೆರಾ ಅಂತರಕ್ಕೆ 2 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಇವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಚಿತ್ರದ ನಡುವೆ ಸುಮಾರು 12 ಸೆಂ.ಮೀ., ಅಂಚಿನಲ್ಲಿ ಸುಮಾರು 15 ಸೆಂ.ಮೀ.

ಈ ಲೆಕ್ಕ ಮಾಡಿದಾಗಲೇ ದುಡ್ಡು, ಶ್ರಮ ಎಲ್ಲಿ ಹಾಕಬೇಕೆಂಬುದು ತಿಳಿಯುವುದು. ಇಲ್ಲಿ ಆಂಟೆನಾ ಅಂತರವನ್ನು 2 ಸೆಂ.ಮೀ.ನಿಂದ 1ಕ್ಕೆ ಇಳಿಸಲು ಎರಡು ದಿನ ಒದ್ದಾಡಿದರೆ ಫಲಿತಾಂಶ ಕದಲುವುದೂ ಇಲ್ಲ. ಕೋನ ಮತ್ತು ಸಮಯ ಇಲ್ಲಿನ ದೊಡ್ಡ ಪಾಲುದಾರರು.

ಡ್ರೋನ್ ಆದರೆ ಚಿತ್ರ ಬೇರೆ. 100 ಮೀಟರ್ ಎತ್ತರದಲ್ಲಿ ಸಣ್ಣ ಐಎಂಯು 0.1 ಡಿಗ್ರಿ ತಪ್ಪಿದರೆ 17 ಸೆಂ.ಮೀ. ಪಿಕ್ಸೆಲ್ 2–3 ಸೆಂ.ಮೀ. ಇರುವ ಕೆಲಸದಲ್ಲಿ ಇಂಥ ಕೋನದಿಂದ ನೇರ ಉಪಯೋಗವಿಲ್ಲ. ಅಲ್ಲಿ ಕೋನಗಳು ಟೈ ಪಾಯಿಂಟ್‌ಗಳಿಂದಲೇ ಬರಬೇಕು. ಉಪಕರಣದಿಂದ ಬರಬೇಕಾದದ್ದು ಸ್ಥಾನ ಮತ್ತು ಸಮಯ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 10 ಮಿಲಿಸೆಕೆಂಡ್ ತಡವಾದರೆ 15 ಸೆಂ.ಮೀ. ಹೋಯಿತು ಎಂಬುದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಂತ 2: ನಿರ್ದೇಶಾಂಕದ ಚೌಕಟ್ಟು ಗಟ್ಟಿ ಮಾಡಿ

ಬೇಸ್ ಸ್ಟೇಷನ್ (ನೆಲದ ಮೇಲೆ ನಿಲ್ಲಿಸಿದ ರಿಸೀವರ್), ವಿಮಾನದ ಪಥ, ನೆಲದ ಬಿಂದುಗಳು ಮೂರೂ ಒಂದೇ ಡೇಟಮ್ (ಅಳತೆಗೆ ಆಧಾರವಾದ ಭೂಮಾದರಿ), ಒಂದೇ ದಿನಾಂಕಕ್ಕೆ ಹೊಂದಿಸಿದ ನಿರ್ದೇಶಾಂಕದಲ್ಲಿವೆಯೇ ಎಂದು ಕಾಗದದ ಮೇಲೆ ಬರೆದು ನೋಡಿ. ಬೇಸ್‌ಗೆ ಅದರದೇ ರಿಸೀವರ್ ಆಗಲೇ ಕೊಟ್ಟ ಕಚ್ಚಾ ಸ್ಥಾನವನ್ನು ಹಾಕಿದರೆ ಇಡೀ ಬ್ಲಾಕ್ (ಒಟ್ಟಿಗೆ ಲೆಕ್ಕ ಮಾಡುವ ಚಿತ್ರಗಳ ಗುಂಪು) ಮೀಟರ್‌ಗಟ್ಟಲೆ ಒಟ್ಟಿಗೆ ಸರಿಯುತ್ತದೆ. ಒಳಗೆ ಎಲ್ಲವೂ ಸುಸಂಬದ್ಧವಾಗಿಯೇ ಇರುವುದರಿಂದ ಚಿತ್ರಗಳ ಶೇಷದಲ್ಲಿ ಅದರ ಸುಳಿವೂ ಸಿಗದು.

ಎತ್ತರದ್ದು ಇನ್ನೊಂದು ಗೋಜಲು. ಜಿಎನ್‌ಎಸ್‌ಎಸ್ ಕೊಡುವುದು ಎಲಿಪ್ಸಾಯ್ಡ್ (ಭೂಮಿಗೆ ಹೊಂದಿಸಿದ ಗಣಿತದ ನುಣುಪು ಮೇಲ್ಮೈ) ಎತ್ತರ, ನಕ್ಷೆ ಕೇಳುವುದು ಸಮುದ್ರಮಟ್ಟದ ಎತ್ತರ. ನಡುವಿನ ಜಿಯಾಯ್ಡ್ (ಸಮುದ್ರಮಟ್ಟವನ್ನು ನೆಲದ ಕೆಳಗೂ ಮುಂದುವರಿಸಿದ ಮೇಲ್ಮೈ) ವ್ಯತ್ಯಾಸ ಭೂಮಿಯ ಮೇಲೆ ಸುಮಾರು -106 ಮೀಟರ್‌ನಿಂದ +85 ಮೀಟರ್‌ವರೆಗೆ ಇದೆ. ಇಷ್ಟು ದೊಡ್ಡ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದರ ಭಯವಿಲ್ಲ. ಭಯವಿರುವುದು ಪಥಕ್ಕೆ ಒಂದು ಜಿಯಾಯ್ಡ್ ಮಾದರಿ, ನೆಲದ ಬಿಂದುಗಳಿಗೆ ಇನ್ನೊಂದು ಬಳಸಿ ಡೆಸಿಮೀಟರ್ ಲೆಕ್ಕದಲ್ಲಿ ತಪ್ಪುವುದರ ಬಗ್ಗೆ. ಅಡ್ಜಸ್ಟ್‌ಮೆಂಟ್ ಎಲ್ಲ ಎಲಿಪ್ಸಾಯ್ಡ್ ಎತ್ತರದಲ್ಲಿ ಮುಗಿಸಿ, ಕೊನೆಯಲ್ಲಿ ಒಂದೇ ಸಲ ಪರಿವರ್ತಿಸುವುದು ನನಗೆ ಒಗ್ಗಿದ ಪದ್ಧತಿ.

ಬಹಳ ಜನ ಗಮನಿಸದ ಒಂದು ಬಲೆ ಇಲ್ಲಿದೆ. ಯುಟಿಎಂ (ಭೂಮಿಯನ್ನು ವಲಯಗಳಾಗಿ ಸೀಳಿ ಚಪ್ಪಟೆ ನಕ್ಷೆಗೆ ತರುವ ಪದ್ಧತಿ) ಪ್ರಕ್ಷೇಪದಲ್ಲಿ ವಲಯದ ನಡುರೇಖೆಯ ಮೇಲೆ ಮಾನ 0.9996. ಅಂದರೆ ಅಡ್ಡ ಅಳತೆಗಳು ಕಿಲೋಮೀಟರಿಗೆ 40 ಸೆಂ.ಮೀ. ಕುಗ್ಗುತ್ತವೆ, ಎತ್ತರ ಕುಗ್ಗುವುದಿಲ್ಲ. ಕ್ಯಾಮೆರಾ ಸ್ಥಾನಗಳನ್ನು ಯುಟಿಎಂನಲ್ಲೇ ಇಟ್ಟು ಲೆಕ್ಕ ಮಾಡಿದರೆ ಎರಡು ಚಿತ್ರಗಳ ಕ್ಯಾಮೆರಾ ಸ್ಥಾನಗಳ ನಡುವಿನ ದೂರ ಕುಗ್ಗುತ್ತದೆ. ಅದರ ಜೊತೆಗೆ ಕ್ಯಾಮೆರಾದಿಂದ ನೆಲದ ಆಳವೂ ಕುಗ್ಗುತ್ತದೆ. 1000 ಮೀಟರ್ ಎತ್ತರದಲ್ಲಿ ನೆಲ 40 ಸೆಂ.ಮೀ. ಮೇಲೆ ಬಂದು ಕೂರುತ್ತದೆ. ಕಂಟ್ರೋಲ್ ಪಾಯಿಂಟ್ ಕೊಟ್ಟು ಸೆಲ್ಫ್ ಕ್ಯಾಲಿಬ್ರೇಶನ್‌ಗೆ (ಕ್ಯಾಮೆರಾದ ಸಂಖ್ಯೆಗಳನ್ನು ಲೆಕ್ಕವೇ ತಿದ್ದಿಕೊಳ್ಳುವುದು) ಅವಕಾಶ ಬಿಟ್ಟಿರೋ, ಫೋಕಲ್ ಲೆಂತ್ ಅದನ್ನು ನುಂಗಿ ಸುಮ್ಮನಾಗುತ್ತದೆ. ವಲಯದ ಅಂಚಿನ ಕಡೆ ಹೋದರೆ ತಪ್ಪಿನ ಚಿಹ್ನೆಯೇ ತಿರುಗುತ್ತದೆ. ಪರಿಹಾರ ಸುಲಭ: ಬ್ಲಾಕಿನ ಮಧ್ಯಕ್ಕೆ ಮೂಲಬಿಂದು ಇಟ್ಟ ಸ್ಥಳೀಯ ಸ್ಪರ್ಶ ಸಮತಲದ ನಿರ್ದೇಶಾಂಕದಲ್ಲಿ ಲೆಕ್ಕ ಮಾಡಿ, ಕೊನೆಗೆ ಯುಟಿಎಂಗೆ ಒಯ್ಯಿರಿ. ಭೂಮಿಯ ಬಾಗಿನ ಗೊಡವೆಯೂ (1 ಕಿ.ಮೀ. ದೂರಕ್ಕೆ ಸುಮಾರು 8 ಸೆಂ.ಮೀ.) ಅಲ್ಲೇ ತೀರುತ್ತದೆ.

ಕೋನಗಳಿಗೂ ಇದೇ ಮಾತು. ಐಎಂಯು ಹೇಳುವ ಹೆಡಿಂಗ್ ನಿಜ ಉತ್ತರಕ್ಕೆ, ನಕ್ಷೆಯ ಕಪ್ಪಾ ಕೋನ (ಹೆಡಿಂಗಿಗೆ ಫೋಟೊಗ್ರಾಮೆಟ್ರಿಯ ಹೆಸರು) ಗ್ರಿಡ್ ಉತ್ತರಕ್ಕೆ, ಅಂದರೆ ನಕ್ಷೆಯ ಚೌಕಗೆರೆಗಳ ಉತ್ತರಕ್ಕೆ. 15 ಡಿಗ್ರಿ ಅಕ್ಷಾಂಶದಲ್ಲಿ, ನಡುರೇಖೆಯಿಂದ 2 ಡಿಗ್ರಿ ದೂರದಲ್ಲಿ ಇವೆರಡರ ಅಂತರ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. 0.01 ಡಿಗ್ರಿಗಾಗಿ ಬೆವರು ಹರಿಸುವವರು ಈ ಅರ್ಧ ಡಿಗ್ರಿಯನ್ನು ಮರೆತದ್ದು ಉಂಟು.

ಹಂತ 3: ಕ್ಯಾಮೆರಾವನ್ನು ಅಲುಗದಂತೆ ಮಾಡಿ

ಆಟೊಫೋಕಸ್ ಬೇಡ. ಚಿತ್ರವನ್ನು ಸ್ಥಿರಗೊಳಿಸುವ ಸೌಲಭ್ಯ ಬೇಡ, ಅದು ಲೆನ್ಸನ್ನೋ ಸೆನ್ಸರನ್ನೋ ತಾನೇ ಅಲುಗಿಸುತ್ತದೆ. ಕ್ಯಾಮೆರಾ ತಾನಾಗಿ ಲೆನ್ಸ್ ವಕ್ರತೆ ಸರಿಪಡಿಸುವ ಆಯ್ಕೆಯೂ ಬೇಡ. ಹಾರುವ ಎತ್ತರಕ್ಕೆ ಫೋಕಸ್ ಹೊಂದಿಸಿ ಉಂಗುರಕ್ಕೆ ಟೇಪ್ ಸುತ್ತಿ ಮುಗಿಸಿ. ಜೂಮ್ ಲೆನ್ಸ್ ಇದ್ದರೆ ಮಾಪನದ ಆಸೆ ಬಿಟ್ಟು ಸ್ಥಿರ ಲೆನ್ಸ್ ತನ್ನಿ.

ಫೋಕಲ್ ಲೆಂತ್ 3600 ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ 4 ಪಿಕ್ಸೆಲ್ ತಪ್ಪಿದರೆ 100 ಮೀಟರ್ ಎತ್ತರದಿಂದ ನೆಲದ ಎತ್ತರ 11 ಸೆಂ.ಮೀ. ತಪ್ಪುತ್ತದೆ. ತಾಪಮಾನ ಬದಲಾದರೂ ಫೋಕಲ್ ಲೆಂತ್ ಚೂರು ಸರಿಯುವುದರಿಂದ, ಪ್ರಯೋಗಾಲಯದ ಸಂಖ್ಯೆಯನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ಅದು ಒಳ್ಳೆಯ ಆರಂಭ, ಅಷ್ಟೇ.

ರೋಲಿಂಗ್ ಶಟರ್ ಇದ್ದರೆ ಚಿತ್ರದ ಮೇಲಿನ ಸಾಲು ಮತ್ತು ಕೆಳಗಿನ ಸಾಲು ಬೇರೆ ಬೇರೆ ಕ್ಷಣದಲ್ಲಿ ಓದಲ್ಪಡುತ್ತವೆ. ಓದಲು 30 ಮಿಲಿಸೆಕೆಂಡ್ ಹಿಡಿದು, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುತ್ತಿದ್ದರೆ ಒಂದೇ ಚಿತ್ರದೊಳಗೆ ಕ್ಯಾಮೆರಾ 30 ಸೆಂ.ಮೀ. ಚಲಿಸಿರುತ್ತದೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ತಿದ್ದುಪಡಿ ಇದೆ, ನಿಜ. ಅವಕಾಶವಿದ್ದರೆ ಮೆಕ್ಯಾನಿಕಲ್ ಅಥವಾ ಗ್ಲೋಬಲ್ ಶಟರ್ ಕ್ಯಾಮೆರಾವನ್ನೇ ಹಿಡಿಯಿರಿ.

ಹಂತ 4: ಲಿವರ್ ಆರ್ಮ್ ಮತ್ತು ಗಡಿಯಾರ

ಜಿಎನ್‌ಎಸ್‌ಎಸ್ ಅಳೆಯುವುದು ಆಂಟೆನಾದ ಫೇಸ್ ಸೆಂಟರ್ (ಸಿಗ್ನಲ್ ಹಿಡಿಯುವ ಬಿಂದು) ಇರುವ ಜಾಗವನ್ನು, ನಮಗೆ ಬೇಕಿರುವುದು ಲೆನ್ಸಿನ ದೃಷ್ಟಿಕೇಂದ್ರ. ನಡುವಿನ ಅಂತರವೇ ಲಿವರ್ ಆರ್ಮ್. ವಿಮಾನ ನೆಲದಲ್ಲಿ ನಿಂತಾಗ ಟೋಟಲ್ ಸ್ಟೇಷನ್ನಿನಿಂದ ಅಳೆದು, ಐಎಂಯುವಿನ ಅಕ್ಷಗಳಿಗೆ ಪರಿವರ್ತಿಸಿ. ಅಳತೆಗಿಂತ ಹೆಚ್ಚು ಜನ ಎಡವುವುದು ಚಿಹ್ನೆಯಲ್ಲಿ. ಒಂದು ಸಾಫ್ಟ್‌ವೇರಿಗೆ ಮುಂದೆ, ಬಲಕ್ಕೆ, ಕೆಳಗೆ ಧನ. ಇನ್ನೊಂದಕ್ಕೆ ಮೇಲೆ ಧನ. ಚಿಹ್ನೆ ತಪ್ಪಿದರೆ ತಿದ್ದುಪಡಿ ಆಗದೇ ಉಳಿಯುವುದಲ್ಲ, ತಪ್ಪು ಇಮ್ಮಡಿಯಾಗುತ್ತದೆ. ಒಂದು ಚಿತ್ರ ಬಿಡಿಸಿ, ಬಾಣ ಹಾಕಿ, ಇಬ್ಬರು ಸಹಿ ಮಾಡಿ ಇಟ್ಟುಕೊಂಡರೆ ಆರು ತಿಂಗಳ ನಂತರ ಜಗಳವಿರುವುದಿಲ್ಲ.

ಕ್ಯಾಮೆರಾ ಗಿಂಬಲ್ ಮೇಲೋ ಸ್ಥಿರೀಕೃತ ಮೌಂಟ್ ಮೇಲೋ ಇದ್ದರೆ ಆ ಅಂತರ ಪ್ರತಿ ಕ್ಷಣ ಬದಲಾಗುತ್ತದೆ. ಹಾರಾಟದ ಉದ್ದಕ್ಕೂ ಮೌಂಟಿನ ಕೋನಗಳು ದಾಖಲಾಗಬೇಕು, ಅವು ಪಥದ ಲೆಕ್ಕಕ್ಕೆ ಹೋಗಬೇಕು.

ಇನ್ನು ಗಡಿಯಾರ. ಕ್ಯಾಮೆರಾಗೆ ಚಿತ್ರ ತೆಗೆ ಎಂದು ಆಜ್ಞೆ ಹೋದ ಕ್ಷಣ ನಮಗೆ ಬೇಡ, ಶಟರ್ ತೆರೆದಿದ್ದ ಅವಧಿಯ ಸರಿಯಾದ ನಡುಕ್ಷಣ ಬೇಕು. ಕ್ಯಾಮೆರಾದಿಂದಲೇ ಮಧ್ಯ-ಎಕ್ಸ್‌ಪೋಷರ್ ಪಲ್ಸ್ ತೆಗೆದು ರಿಸೀವರಿನ ಈವೆಂಟ್ ಪೋರ್ಟಿಗೆ ಕೊಡಿ. ಅದಿಲ್ಲದಿದ್ದರೆ ಫ್ಲ್ಯಾಶ್ ಶೂವಿನ ಪಲ್ಸ್ ಕೂಡ ಆಜ್ಞೆಯ ಸಮಯಕ್ಕಿಂತ ಎಷ್ಟೋ ಮೇಲು.

ದೊಡ್ಡ ಪ್ರಮಾದಗಳು ಮಿಲಿಸೆಕೆಂಡಿನಲ್ಲಿ ಇರುವುದಿಲ್ಲ. 2017ರ ಜನವರಿ 1ರಿಂದ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಜಿಪಿಎಸ್ ವಾರದ ಸೆಕೆಂಡ್‌ಗಳು 604800ಕ್ಕೆ ಮುಟ್ಟಿ ಮತ್ತೆ ಸೊನ್ನೆಯಾಗುತ್ತವೆ. ಒಮ್ಮೆ ನಮ್ಮ ತಂಡದಲ್ಲಿ ಕ್ಯಾಮೆರಾ ದಾಖಲೆ ಯುಟಿಸಿಯಲ್ಲಿ, ಪಥ ಜಿಪಿಎಸ್ ಸಮಯದಲ್ಲಿ ಇದ್ದು ಎಲ್ಲ ಚಿತ್ರಗಳೂ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಕೂತಿದ್ದವು. ಅದು ಪುಣ್ಯಕ್ಕೆ ದೊಡ್ಡ ತಪ್ಪು, ಒಂದೇ ನೋಟದಲ್ಲಿ ಸಿಕ್ಕಿತು. ಚಿತ್ರಗಳ ಸಂಖ್ಯೆ ಮತ್ತು ಪಲ್ಸ್‌ಗಳ ಸಂಖ್ಯೆ ಸಮ ಇಲ್ಲದಿರುವುದು ಇದಕ್ಕಿಂತ ಕೆಟ್ಟದು. ಒಂದು ಪಲ್ಸ್ ತಪ್ಪಿದರೆ ಅಲ್ಲಿಂದ ಮುಂದಿನ ಪ್ರತಿ ಚಿತ್ರಕ್ಕೂ ಪಕ್ಕದ ಚಿತ್ರದ ಸ್ಥಾನ ಅಂಟುತ್ತದೆ.

ಹಂತ 5: ಹಾರಾಟವೇ ಅರ್ಧ ಕ್ಯಾಲಿಬ್ರೇಶನ್

ಸಮತಟ್ಟು ನೆಲದ ಮೇಲೆ, ಒಂದೇ ಎತ್ತರದಲ್ಲಿ, ನೆಟ್ಟಗೆ ಕೆಳಗೆ ನೋಡುತ್ತ, ಸಮಾನಾಂತರ ಸಾಲುಗಳಲ್ಲಿ ಹಾರುವುದು ಎಲ್ಲರೂ ಮಾಡುವ ಕೆಲಸ. ಕ್ಯಾಮೆರಾವನ್ನು ಅರಿಯಲು ಅದಕ್ಕಿಂತ ಬಡವಾದ ಜ್ಯಾಮಿತಿ ಮತ್ತೊಂದಿಲ್ಲ. ಅಲ್ಲಿ ಫೋಕಲ್ ಲೆಂತ್ ಮತ್ತು ಎತ್ತರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಲೆನ್ಸ್ ವಕ್ರತೆಯ ಸಣ್ಣ ತಪ್ಪು ಇಡೀ ಭೂಮಾದರಿಯನ್ನು ಗುಮ್ಮಟದಂತೆ ಉಬ್ಬಿಸುತ್ತದೆ ಅಥವಾ ಬೋಗುಣಿಯಂತೆ ತಗ್ಗಿಸುತ್ತದೆ.

ಇದನ್ನು ಮುರಿಯಲು ಏನು ಮಾಡಬೇಕು? ಬ್ಲಾಕಿನ ಎರಡೂ ತುದಿಗಳಲ್ಲಿ ಅಡ್ಡ ಸಾಲು ಹಾರಿಸಿ. ಅಕ್ಕಪಕ್ಕದ ಸಾಲುಗಳು ಎದುರು ದಿಕ್ಕಿನಲ್ಲಿರಲಿ. ಡ್ರೋನ್ ಆದರೆ 20ರಿಂದ 30 ಡಿಗ್ರಿ ವಾಲಿಸಿದ ಒಂದಷ್ಟು ಓರೆ ಚಿತ್ರಗಳನ್ನು ಸೇರಿಸಿ. ಸಾಧ್ಯವಾದರೆ ಇನ್ನೊಂದು ಎತ್ತರದಲ್ಲಿ ಒಂದೆರಡು ಸಾಲು. ದೊಡ್ಡ ಮಾಪನ ಕ್ಯಾಮೆರಾಗೆ ಉದ್ದಕ್ಕೆ ಶೇ. 60, ಅಡ್ಡಕ್ಕೆ ಶೇ. 30 ಹೊಂದಿಕೆ ಹಳೆಯ ರೂಢಿ. ಡ್ರೋನ್ ಕ್ಯಾಮೆರಾಗಳಿಗೆ ಶೇ. 80 ಮತ್ತು 70 ಇಟ್ಟರೆ ಒಂದೇ ಬಿಂದು ಹತ್ತಾರು ಚಿತ್ರಗಳಲ್ಲಿ ಸಿಕ್ಕಿ ಟೈ ಪಾಯಿಂಟ್ ಗಟ್ಟಿಯಾಗುತ್ತದೆ.

ಐಎಂಯುವಿಗೂ ವ್ಯಾಯಾಮ ಬೇಕು. ನೇರವಾಗಿ, ಒಂದೇ ವೇಗದಲ್ಲಿ ಹಾರುವಾಗ ಅದಕ್ಕೆ ಹೆಡಿಂಗ್ ಸರಿಯಾಗಿ ಗೊತ್ತಾಗುವುದಿಲ್ಲ. ವೇಗ ಬದಲಾದಾಗ, ತಿರುವು ತೆಗೆದುಕೊಂಡಾಗ ಮಾತ್ರ ಹೆಡಿಂಗ್ ತಪ್ಪು ಬಯಲಾಗುತ್ತದೆ. ಮೊದಲ ಸಾಲಿಗೆ ಮುನ್ನ, ಕೊನೆಯ ಸಾಲಿನ ನಂತರ ಎಂಟರ ಆಕಾರದಲ್ಲಿ ಸುತ್ತುಹಾಕುವುದು ಇದಕ್ಕೇ. ಒಂದು ಸಾಲು ಬಹಳ ಉದ್ದವಾದರೆ ಹೆಡಿಂಗ್ ನಿಧಾನವಾಗಿ ಜಾರುತ್ತದೆ, 15–20 ನಿಮಿಷ ದಾಟದಂತೆ ನೋಡಿಕೊಳ್ಳಿ. ತಿರುವಿನಲ್ಲಿ ರೆಕ್ಕೆ 20–25 ಡಿಗ್ರಿಗಿಂತ ಹೆಚ್ಚು ವಾಲಿದರೆ ಉಪಗ್ರಹಗಳು ಮರೆಯಾಗುತ್ತವೆ ಎಂದು ಪೈಲಟ್‌ಗೆ ಮೊದಲೇ ಹೇಳಿ. ಅವರಿಗೆ ಇಂಧನದ ಚಿಂತೆ, ನಮಗೆ ಸಿಗ್ನಲ್ಲಿನ ಚಿಂತೆ.

ಹಂತ 6: ಪಥದ ಲೆಕ್ಕ

ಕಚ್ಚಾ ದತ್ತಾಂಶವನ್ನು ಮನೆಗೆ ತಂದು ಪಿಪಿಕೆ (ಹಾರಾಟ ಮುಗಿದ ಮೇಲೆ ಬೇಸಿನ ದತ್ತಾಂಶದೊಡನೆ ಪಥ ಲೆಕ್ಕ ಹಾಕುವುದು) ಮಾಡಿ. ಅದೇ ಲೆಕ್ಕವನ್ನು ಆಗಿಂದಾಗಲೇ ಮಾಡುವ ಆರ್‌ಟಿಕೆ ಹಾರುತ್ತಲೇ ಉತ್ತರ ಕೊಡುತ್ತದೆ, ಆದರೆ ಸಂಪರ್ಕ ಕಡಿದ ಕ್ಷಣಗಳಿಗೆ ಅದರ ಬಳಿ ಮದ್ದಿಲ್ಲ. ಪಿಪಿಕೆಯಲ್ಲಿ ಪಥವನ್ನು ಮುಂದಕ್ಕೂ ಹಿಂದಕ್ಕೂ ಲೆಕ್ಕ ಮಾಡಿ ಬೆಸೆಯಬಹುದು. ಬೇಸ್ 20–30 ಕಿ.ಮೀ. ಒಳಗಿದ್ದರೆ ನೆಮ್ಮದಿ. ಬೇಸಿನ ಆಂಟೆನಾ ಎತ್ತರ ಓರೆಯಾಗಿ ಅಳೆದದ್ದೋ ಲಂಬವಾಗಿಯೋ, ಆಂಟೆನಾದ ತಳಕ್ಕೋ ಫೇಸ್ ಸೆಂಟರ್‌ಗೋ ಎಂದು ಕ್ಷೇತ್ರಪುಸ್ತಕದಲ್ಲಿ ಇಲ್ಲದಿದ್ದರೆ ಆ ಪುಸ್ತಕ ಇದ್ದೂ ಇಲ್ಲದಂತೆ.

ನೋಡಬೇಕಾದ ಗ್ರಾಫ್‌ಗಳು ಮೂರೇ. ಮುಂದಿನ–ಹಿಂದಿನ ಲೆಕ್ಕಗಳ ನಡುವಿನ ಅಂತರ, ಆಂಬಿಗ್ಯುಯಿಟಿ (ಉಪಗ್ರಹದವರೆಗಿನ ಪೂರ್ಣ ಅಲೆಗಳ ಎಣಿಕೆ) ಫಿಕ್ಸ್ ಆಗಿದೆಯೇ ಎಂಬ ಸ್ಥಿತಿ, ಮತ್ತು ಸಾಫ್ಟ್‌ವೇರ್ ತಾನೇ ಅಂದಾಜಿಸಿದ ಲಿವರ್ ಆರ್ಮ್. ಈ ಮೂರನೆಯದು ನೀವು ಅಳೆದ ಸಂಖ್ಯೆಗಿಂತ ಹತ್ತಾರು ಸೆಂ.ಮೀ. ದೂರ ಹೋಗಿ ನಿಂತರೆ ಸಾಫ್ಟ್‌ವೇರನ್ನು ಬೈಯುವ ಮೊದಲು ನಿಮ್ಮ ಚಿಹ್ನೆಗಳನ್ನು ನೋಡಿ.

ಹಂತ 7: ಬೋರ್‌ಸೈಟ್, ಮತ್ತು ತಪ್ಪಿನ ಹೆಜ್ಜೆಗುರುತು ಓದುವುದು

ಐಎಂಯು ಅಕ್ಷಗಳೂ ಕ್ಯಾಮೆರಾ ಅಕ್ಷಗಳೂ ಎಷ್ಟೇ ಜಾಗ್ರತೆಯಿಂದ ಜೋಡಿಸಿದರೂ ಒಂದಿಷ್ಟು ಓರೆ ಉಳಿಯುತ್ತದೆ. ಆ ಓರೆಯೇ ಬೋರ್‌ಸೈಟ್ ಕೋನ. ಅದನ್ನು ಕಂಡುಹಿಡಿಯಲು ಒಂದು ಚಿಕ್ಕ ಪರೀಕ್ಷಾ ಬ್ಲಾಕ್ ಸಾಕು: ಒಂದು ಸಾಲನ್ನು ಹೋಗುತ್ತ, ಬರುತ್ತ ಹಾರಿ, ಅದಕ್ಕೆ ಲಂಬವಾದ ಇನ್ನೊಂದು ಸಾಲನ್ನೂ ಹಾಗೆಯೇ, ಇಷ್ಟನ್ನೂ ಎರಡು ಎತ್ತರಗಳಲ್ಲಿ. ನೆಲದಲ್ಲಿ ಸ್ಪಷ್ಟ ಗುರುತುಗಳೂ ಸ್ವಲ್ಪ ಏರಿಳಿತವೂ ಇರಲಿ.

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಪ್ರತಿ ತಪ್ಪಿಗೂ ತನ್ನದೇ ನಡಿಗೆ ಇದೆ, ಪತ್ತೆದಾರನ ಹಾಗೆ ಓದಬಹುದು.

1000 ಮೀಟರ್ ಎತ್ತರದಲ್ಲಿ ಪೂರ್ವಕ್ಕೆ ಹಾರಿದ ಸಾಲಿನಲ್ಲಿ ಒಂದು ಚೆಕ್ ಪಾಯಿಂಟ್ (ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಇಟ್ಟ ನೆಲದ ಬಿಂದು) 22 ಸೆಂ.ಮೀ. ಪೂರ್ವಕ್ಕೆ ಬಿತ್ತು ಎನ್ನಿ. ಪಶ್ಚಿಮಕ್ಕೆ ಹಾರಿದ ಸಾಲಿನಲ್ಲಿ ಅದೇ ಬಿಂದು 12 ಸೆಂ.ಮೀ. ಪಶ್ಚಿಮಕ್ಕೆ ಬಿತ್ತು. ಇವೆರಡರ ಸರಾಸರಿ 5 ಸೆಂ.ಮೀ. ಪೂರ್ವ. ದಿಕ್ಕು ಬದಲಾದರೂ ಬದಲಾಗದ ಈ 5 ಸೆಂ.ಮೀ. ಬೇಸ್ ಸ್ಟೇಷನ್ನಿನದೋ ಡೇಟಮ್ಮಿನದೋ ತಪ್ಪು. ವಿಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ವ್ಯತ್ಯಾಸದ ಅರ್ಧ 17 ಸೆಂ.ಮೀ. ವಿಮಾನದ ಜೊತೆ ತಿರುಗುತ್ತಿದೆ, ಹಾಗಾಗಿ ವಿಮಾನದೊಳಗಿನ ತಪ್ಪು.

ಒಳಗಿನ ತಪ್ಪು ಎಂದರೆ ಯಾವುದು? ಹಾರಾಟದ ದಿಕ್ಕಿನಲ್ಲಿ ಮುಂದಕ್ಕೆ ಸರಿಸುವ ಶಂಕಿತರು ಮೂವರು: ಪಿಚ್ ಬೋರ್‌ಸೈಟ್, ಸಮಯ, ಲಿವರ್ ಆರ್ಮ್. ಈಗ 500 ಮೀಟರ್ ಎತ್ತರದ ಸಾಲುಗಳನ್ನು ತೆರೆಯಿರಿ. ಅಲ್ಲಿ ಅದೇ ಅರ್ಧ ವ್ಯತ್ಯಾಸ 8.5 ಸೆಂ.ಮೀ.ಗೆ ಇಳಿದಿದ್ದರೆ ಅದು ಕೋನ, ಏಕೆಂದರೆ ಕೋನದ ತಪ್ಪು ಮಾತ್ರ ಎತ್ತರದೊಡನೆ ಬೆಳೆಯುತ್ತದೆ. 1000 ಮೀಟರಿಗೆ 17 ಸೆಂ.ಮೀ. ಎಂದರೆ ಸುಮಾರು 0.01 ಡಿಗ್ರಿ ಪಿಚ್. ಇಳಿಯದೆ 17ರಲ್ಲೇ ನಿಂತಿದ್ದರೆ ಸಮಯ ಅಥವಾ ಲಿವರ್ ಆರ್ಮ್. ಇವೆರಡನ್ನು ಬೇರ್ಪಡಿಸಲು ಬೇರೆ ವೇಗದಲ್ಲಿ ಒಂದು ಸಾಲು ಹಾರಿ. ವೇಗದೊಡನೆ ಬದಲಾದರೆ ಸಮಯ (17 ಸೆಂ.ಮೀ.ಯನ್ನು ಸೆಕೆಂಡಿಗೆ 60 ಮೀಟರಿನಿಂದ ಭಾಗಿಸಿದರೆ ಸುಮಾರು 2.8 ಮಿಲಿಸೆಕೆಂಡ್), ಬದಲಾಗದಿದ್ದರೆ ಲಿವರ್ ಆರ್ಮ್. ಬಲವಾದ ಗಾಳಿಯ ದಿನ ಹೋಗುವಾಗಿನ ಮತ್ತು ಬರುವಾಗಿನ ನೆಲದ ವೇಗ ತಾನಾಗಿಯೇ ಬೇರೆಯಾಗಿರುತ್ತದೆ. ಕೆಲವೊಮ್ಮೆ ಅಷ್ಟರಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಹಾರಾಟಕ್ಕೆ ಅಡ್ಡವಾಗಿ ಸರಿದು, ದಿಕ್ಕಿನೊಡನೆ ತಿರುಗಿ, ಎತ್ತರದೊಡನೆ ಬೆಳೆದರೆ ರೋಲ್ ಬೋರ್‌ಸೈಟ್. ಚಿತ್ರದ ನಡುವೆ ಸೊನ್ನೆ ಇದ್ದು ಅಂಚಿನ ಕಡೆ ಹೆಚ್ಚುತ್ತ, ಇಡೀ ಚಿತ್ರ ಚೂರು ತಿರುಗಿದಂತೆ ಕಂಡರೆ ಹೆಡಿಂಗ್ ಬೋರ್‌ಸೈಟ್. ಲಂಬ ತಪ್ಪಿಗೂ ಇದೇ ತರ್ಕ: ಎತ್ತರ ಅರ್ಧವಾದಾಗ ತಪ್ಪೂ ಅರ್ಧವಾದರೆ ಫೋಕಲ್ ಲೆಂತ್, ಬದಲಾಗದೇ ಇದ್ದರೆ ಆಂಟೆನಾ ಎತ್ತರ ಅಥವಾ ಜಿಯಾಯ್ಡ್.

ಒಬ್ಬ ಮಾತ್ರ ಈ ವಿಚಾರಣೆಯಲ್ಲಿ ಸಿಕ್ಕಿಬೀಳುವುದಿಲ್ಲ. ಪ್ರಿನ್ಸಿಪಲ್ ಪಾಯಿಂಟ್ ಸರಿದಿದ್ದರೆ ಅದು ರೋಲ್, ಪಿಚ್ ಬೋರ್‌ಸೈಟ್‌ನಂತೆಯೇ ನಡೆಯುತ್ತದೆ. ಕ್ಯಾಮೆರಾ ಮತ್ತು ಐಎಂಯು ಒಂದಕ್ಕೊಂದು ಬಿಗಿದಿರುವಾಗ ಇವರಿಬ್ಬರನ್ನು ಬೇರ್ಪಡಿಸುವುದು ಕಷ್ಟ. ಪ್ರಿನ್ಸಿಪಲ್ ಪಾಯಿಂಟನ್ನು ಪ್ರಯೋಗಾಲಯದ ಬೆಲೆಯಲ್ಲಿ ಕಟ್ಟಿಹಾಕಿ ಬೋರ್‌ಸೈಟ್ ಬಿಡಿಸಿಕೊಳ್ಳುವುದು ವ್ಯವಹಾರದ ದಾರಿ. ಆಮೇಲೆ ಆ ಬೋರ್‌ಸೈಟನ್ನು ಅದೇ ಪ್ರಿನ್ಸಿಪಲ್ ಪಾಯಿಂಟ್ ಜೊತೆ ಮಾತ್ರ ಬಳಸಬೇಕು. ಒಂದನ್ನು ಈ ವರದಿಯಿಂದ, ಇನ್ನೊಂದನ್ನು ಆ ವರದಿಯಿಂದ ತಂದು ಕೂಡಿಸಿದರೆ ಎರಡೂ ತಪ್ಪು.

ಹಂತ 8: ನೆಲದ ಬಿಂದುಗಳು

ಪಥ ಎಷ್ಟೇ ಚೆನ್ನಾಗಿರಲಿ, ಕಂಟ್ರೋಲ್ ಪಾಯಿಂಟ್ ಪೂರ್ತಿ ಬಿಡಬೇಡಿ. ಪಿಪಿಕೆ ಸ್ಥಾನಗಳು ಗಟ್ಟಿಯಿದ್ದರೆ ಬ್ಲಾಕಿನ ನಾಲ್ಕು ಮೂಲೆ ಮತ್ತು ನಡುವೆ ಒಂದರಂತೆ ಇಟ್ಟರೂ ಬಹಳ ಕೆಲಸವಾಗುತ್ತದೆ. ನಡುವಿನದು ಗುಮ್ಮಟವನ್ನು ಹಿಡಿಯಲು, ಮೂಲೆಯವು ಡೇಟಮ್ ಹಿಡಿಯಲು. ಗುರುತುಫಲಕ ಚಿತ್ರದಲ್ಲಿ ಕನಿಷ್ಠ 5–10 ಪಿಕ್ಸೆಲ್ ಅಗಲ ಕಾಣುವಂತಿರಲಿ, ನಡುಬಿಂದು ಸ್ಪಷ್ಟವಿರಲಿ. ಪ್ರತಿ ಬಿಂದುವನ್ನು ಬೇರೆ ಹೊತ್ತಿನಲ್ಲಿ ಎರಡು ಸಲ ಅಳೆಯಿರಿ. ಒಂದೇ ಸಲ ಅಳೆದ ಬಿಂದುವಿಗೆ ಸಾಕ್ಷಿ ಇಲ್ಲ.

ಹಂತ 9: ಅಡ್ಜಸ್ಟ್‌ಮೆಂಟ್ ಅನ್ನು ಒಂದೇ ಗುಟುಕಿಗೆ ಕುಡಿಯಬೇಡಿ

ಎಲ್ಲವನ್ನೂ ಸುರಿದು ಗುಂಡಿ ಒತ್ತುವ ಅಭ್ಯಾಸವೇ ಅರ್ಧ ರೋಗಕ್ಕೆ ಮೂಲ. ಒಂದೊಂದಾಗಿ ಸೇರಿಸುತ್ತ ಹೋಗಿ.

ಮೊದಲು ಟೈ ಪಾಯಿಂಟ್ ಮಾತ್ರ. ಶೇಷ ಅರ್ಧ ಪಿಕ್ಸೆಲ್‌ಗಿಂತ ಹೆಚ್ಚಿದ್ದರೆ ಚಿತ್ರದ ಗುಣಮಟ್ಟ ಅಥವಾ ಕ್ಯಾಮೆರಾ ಮಾದರಿಯಲ್ಲೇ ದೋಷ. ಎಲ್ಲ ಚಿತ್ರಗಳ ಶೇಷಗಳನ್ನು ಒಂದರ ಮೇಲೊಂದು ಹೇರಿ ಬಾಣಗಳಾಗಿ ಬಿಡಿಸಿ. ಬಾಣಗಳು ದಿಕ್ಕಾಪಾಲಾಗಿದ್ದರೆ ಒಳ್ಳೆಯದು, ಸುಳಿಯಂತೆಯೋ ಉಂಗುರದಂತೆಯೋ ಕಂಡರೆ ಲೆನ್ಸಿನ ವಕ್ರತೆ ಪೂರ್ತಿ ತಿದ್ದಿಲ್ಲ.

ಎರಡನೆಯದಾಗಿ ಪಿಪಿಕೆ ಸ್ಥಾನ ಸೇರಿಸಿ. ಇಲ್ಲಿ ತೂಕ ಮುಖ್ಯ. ಸ್ಥಾನಕ್ಕೆ 3–5 ಸೆಂ.ಮೀ., ಟೈ ಪಾಯಿಂಟ್‌ಗೆ ಅರ್ಧ ಪಿಕ್ಸೆಲ್, ಕಂಟ್ರೋಲ್ ಪಾಯಿಂಟ್‌ಗೆ 2 ಸೆಂ.ಮೀ. ಎಂದು ನಿಜವಾದ ವಿಶ್ವಾಸವನ್ನೇ ಬರೆಯಿರಿ. ಕೆಲವು ಸಾಫ್ಟ್‌ವೇರ್‌ಗಳು ಕ್ಯಾಮೆರಾ ಸ್ಥಾನಕ್ಕೆ ಮೀಟರ್‌ಗಟ್ಟಲೆ ಸಡಿಲ ಬೆಲೆ ಇಟ್ಟುಕೊಂಡಿರುತ್ತವೆ, ಅದನ್ನು ಬದಲಿಸದಿದ್ದರೆ ಪಿಪಿಕೆ ಮಾಡಿದ್ದು ನೀರಿನಲ್ಲಿ ಹೋಮ. ಆಮೇಲೆ ಐಎಂಯು ಕೋನ ಮತ್ತು ಬೋರ್‌ಸೈಟ್. ಕೊನೆಗೆ ಕಂಟ್ರೋಲ್ ಪಾಯಿಂಟ್. ಪ್ರತಿ ಹೆಜ್ಜೆಯಲ್ಲೂ ಫೋಕಲ್ ಲೆಂತ್ ಎಷ್ಟಾಯಿತು ಎಂದು ಪಕ್ಕದಲ್ಲಿ ಬರೆದಿಡಿ. ಯಾವ ಹೆಜ್ಜೆಯಲ್ಲಿ ಅದು ಹಠಾತ್ತನೆ ಜಿಗಿಯಿತೋ ಆ ಹೆಜ್ಜೆಯಲ್ಲಿ ಸೇರಿಸಿದ ದತ್ತಾಂಶದಲ್ಲಿ ಕಳ್ಳ ಇದ್ದಾನೆ.

ಸೆಲ್ಫ್ ಕ್ಯಾಲಿಬ್ರೇಶನ್‌ನಲ್ಲಿ ಎಲ್ಲ ನಿಯತಾಂಕಗಳನ್ನೂ ಬಿಡುವ ಚಪಲ ಬೇಡ. ಸಹಸಂಬಂಧದ ಕೋಷ್ಟಕ (ಯಾವ ಎರಡು ಸಂಖ್ಯೆಗಳು ಒಟ್ಟಿಗೇ ಕದಲುತ್ತವೆ ಎಂಬ ಪಟ್ಟಿ) ತೆರೆದು, 0.95 ದಾಟಿದ ಜೋಡಿಗಳಲ್ಲಿ ಒಂದನ್ನು ಕಟ್ಟಿಹಾಕಿ. ಲೆನ್ಸಿನ ವರ್ತುಲ ವಕ್ರತೆಯ ಕೆ1, ಕೆ2, ಕೆ3 ತಮ್ಮತಮ್ಮಲ್ಲೇ ಹೆಣೆದುಕೊಂಡಿರುವುದು ಮಾಮೂಲು, ಅದಕ್ಕೆ ಗಾಬರಿ ಬೇಡ. ಫೋಕಲ್ ಲೆಂತ್ ಮತ್ತು ಎತ್ತರದ ನಡುವಿನ ಹೆಣಿಗೆಯೇ ಅಪಾಯ. ಪ್ರತಿ ಸಾಲಿಗೂ ಪ್ರತ್ಯೇಕ ಶಿಫ್ಟ್ (ಒಂದೇ ಅಳತೆಯ ಸರಿತ), ಡ್ರಿಫ್ಟ್ (ಹೊತ್ತು ಹೋದಂತೆ ಬೆಳೆಯುವ ಸರಿತ) ಕೊಡುವ ಹಳೆಯ ವಿಧಾನವೂ ಇದೆ. ಆಂಬಿಗ್ಯುಯಿಟಿ ಸರಿಯಾಗಿ ಬಿಡಿಸಲಾಗದ ಕಾಲದಲ್ಲಿ ಅದು ಜೀವ ಉಳಿಸಿತ್ತು. ಈಗ ಅದನ್ನು ಬಳಸಿದಾಗಲೇ ಬ್ಲಾಕ್ ಸರಿಹೋಗುತ್ತದೆ ಎಂದರೆ ಪಥದ ಲೆಕ್ಕಕ್ಕೆ ಹಿಂದಿರುಗಿ.

ಹಂತ 10: ಚೆಕ್ ಪಾಯಿಂಟ್ ಎಂಬ ಹೊರಗಿನವರು

ಅಡ್ಜಸ್ಟ್‌ಮೆಂಟ್ ನೋಡಿರದ ಬಿಂದುಗಳ ಮೇಲೆ ಬಂದ ತಪ್ಪೇ ನಿಜವಾದ ತಪ್ಪು. ಕಂಟ್ರೋಲ್ ಪಾಯಿಂಟ್‌ಗಳ ಆರ್‌ಎಂಎಸ್‌ಇಯನ್ನು (ತಪ್ಪುಗಳ ವರ್ಗಗಳ ಸರಾಸರಿಯ ವರ್ಗಮೂಲ) ನಿಖರತೆ ಎಂದು ವರದಿಯಲ್ಲಿ ಹಾಕುವುದು ಪರೀಕ್ಷೆ ಬರೆದವನೇ ಮೌಲ್ಯಮಾಪನ ಮಾಡಿಕೊಂಡಂತೆ. ಅಮೆರಿಕದ ಫೋಟೊಗ್ರಾಮೆಟ್ರಿ ಮತ್ತು ರಿಮೋಟ್ ಸೆನ್ಸಿಂಗ್ ಸೊಸೈಟಿ 2014ರ ಮಾನದಂಡದಲ್ಲಿ ಕನಿಷ್ಠ 20 ಚೆಕ್ ಪಾಯಿಂಟ್ ಕೇಳಿತ್ತು, 2023ರ ಎರಡನೇ ಆವೃತ್ತಿಯಲ್ಲಿ ಅದನ್ನು 30ಕ್ಕೆ ಏರಿಸಿದೆ. ಆ ಬಿಂದುಗಳನ್ನು ಅಳೆದ ಸರ್ವೆಯ ಸ್ವಂತ ತಪ್ಪನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಬೇಕೆಂದು ಅದು ಹೇಳುತ್ತದೆ. ಸಣ್ಣ ಡ್ರೋನ್ ಕೆಲಸಕ್ಕೆ 30 ಬಿಂದು ಭಾರವೆನಿಸಬಹುದು. ಹಾಗಿದ್ದರೂ ಕಂಟ್ರೋಲ್ ಪಾಯಿಂಟ್‌ಗಳ ಮಗ್ಗುಲಲ್ಲೇ ನಾಲ್ಕು ಚೆಕ್ ಪಾಯಿಂಟ್ ಇಟ್ಟು ಕೈತೊಳೆದುಕೊಳ್ಳಬೇಡಿ, ಅವು ಅಂಚಿಗೂ ನಡುವಿಗೂ ಹರಡಿರಲಿ.

ಆರ್‌ಎಂಎಸ್‌ಇ ಒಂದನ್ನೇ ನೋಡಬೇಡಿ, ಸರಾಸರಿಯನ್ನೂ ನೋಡಿ. ಎತ್ತರದ ಆರ್‌ಎಂಎಸ್‌ಇ 9 ಸೆಂ.ಮೀ., ಸರಾಸರಿ 8 ಸೆಂ.ಮೀ. ಎಂದಿದ್ದರೆ ಬಹುಪಾಲು ತಪ್ಪು ಒಂದೇ ಕಡೆಗೆ ವಾಲಿದೆ, ಅದಕ್ಕೊಂದು ಕಾರಣ ಇದ್ದೇ ಇದೆ, ಹುಡುಕಿದರೆ ಸಿಗುತ್ತದೆ. ಸರಾಸರಿ ಸೊನ್ನೆಯ ಹತ್ತಿರವಿದ್ದು ನಡುವಿನ ಬಿಂದುಗಳೆಲ್ಲ ಮೇಲೆ, ಅಂಚಿನವೆಲ್ಲ ಕೆಳಗೆ ಇದ್ದರೆ ಗುಮ್ಮಟ. ತಪ್ಪುಗಳನ್ನು ನಕ್ಷೆಯ ಮೇಲೆ ಬಾಣಗಳಾಗಿ ಬಿಡಿಸದ ಹೊರತು ಇದು ಕಣ್ಣಿಗೆ ಬೀಳುವುದಿಲ್ಲ.

ಲೆನ್ಸ್ ಬಿಚ್ಚಿ ಹಾಕಿದಾಗ, ಐಎಂಯು ಕೂತ ತಟ್ಟೆಯ ಒಂದು ಸ್ಕ್ರೂ ಸಡಿಲಿಸಿದಾಗ, ಡ್ರೋನ್ ಜೋರಾಗಿ ನೆಲಕ್ಕೆ ಬಡಿದಾಗ ಬೋರ್‌ಸೈಟ್ ಹಾರಾಟವನ್ನು ಮತ್ತೆ ಮಾಡಿ. ಏನೂ ಆಗದಿದ್ದರೂ ಪ್ರತಿ ಯೋಜನೆಯಲ್ಲಿ ಸಿಕ್ಕ ಬೋರ್‌ಸೈಟ್, ಫೋಕಲ್ ಲೆಂತ್, ಆ ದಿನದ ತಾಪಮಾನ ಇಷ್ಟನ್ನು ಒಂದು ಕಡತದಲ್ಲಿ ದಿನಾಂಕದೊಡನೆ ಸಾಲಾಗಿ ಬರೆಯುತ್ತ ಹೋಗಿ. ಮುಂದಿನ ಸಲ ಒಂದು ಸಂಖ್ಯೆ ಆ ಸಾಲಿನಿಂದ ಹೊರಗೆ ಜಿಗಿದಾಗ, ಹೊಸ ದತ್ತಾಂಶದಲ್ಲಿ ಎಲ್ಲಿಂದ ಹುಡುಕಲು ಶುರುಮಾಡಬೇಕೆಂದು ಆ ಕಡತವೇ ಹೇಳುತ್ತದೆ.